ಮಂಗಳವಾರದ ತೂಕ

ಕಾನಹೊಸಹಳ್ಳಿ
೨೬-೮-೧೯೮೪, ಭಾನುವಾರ

ಪ್ರೀತಿಯ ಪಕ್ಕೀರಿಗೆ,

ನಿನ್ನ ಮಾಳಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಮಾಗಳದಲ್ಲಿ ನೀನು, ನಿನ್ನ ಯಜಮಾನರು, ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಕಡೆ ಹೊಳೆ ತುಂಬಿ ಬಂದಿದೆಯೆಂದು ಹಡಗಲಿ ಬಸ್ಸಿನ ಕಂಡಕ್ಟರ್ ಹೇಳಿದ. ನೀರಿಗೆ ಇಳಿಯಬೇಡ. ನಿನಗೆ ಈಜು ಬರುವುದಿಲ್ಲ, ಬರುತ್ತದೆಂಬ ಜಂಬ ಮಾತ್ರ ಇದೆ.

ನಿನ್ನ ಮೂರು ಕಾರ್ಡೂ ತಲುಪಿವೆ. ಮೊದಲನೆಯದು ಬಂದು ನಾಲ್ಕು ವರ್ಷವಾಯಿತು. ಆಪರೇಷನ್ ಕ್ಯಾಂಪು, ಮಲೇರಿಯಾ ಸರ್ವೆ, ಹೆರಿಗೆ ಎಂದು ನೆಪ ಹೇಳಬಹುದಿತ್ತು, ಆದರೆ ನೀನೂ ಇದೇ ಕೆಲಸದವಳು, ನಂಬುವುದಿಲ್ಲ. ತಪ್ಪು ನನ್ನದು. ಬೈಯುವುದಿದ್ದರೆ ಪತ್ರ ಪೂರ್ತಿ ಓದಿ ಬೈಯಿ. ಅದಕ್ಕೂ ಮೊದಲು ಒಂದು ಸೋಜಿಗ ಕೇಳು. ದಿನವೆಲ್ಲ ಉಪವಾಸ ಮಾಡಿದ ಮನುಷ್ಯ ಮರುದಿನ ಎರಡು ಕಿಲೋ ಹೆಚ್ಚು ತೂಗುವುದನ್ನು ಎಲ್ಲಾದರೂ ಕಂಡಿದ್ದೀಯಾ? ನಾನು ಕಂಡೆ. ಒಂದು ಸಲವಲ್ಲ, ಎಷ್ಟೋ ಮಂಗಳವಾರ.

ಇಲ್ಲಿ ಹೆದ್ದಾರಿಯ ಪಕ್ಕದಲ್ಲಿ ಕರಿಸಿದ್ದಪ್ಪ ಎಂಬ ಶೇಂಗಾ ವ್ಯಾಪಾರಿ ಇದ್ದಾರೆ. ಐವತ್ತರ ಮೇಲೆ ಎರಡೋ ಮೂರೋ ವಯಸ್ಸು. ಕಳೆದ ವರ್ಷ ಮುಖ, ಕಾಲು ಊದಿಕೊಂಡು ಬಳ್ಳಾರಿಗೆ ಹೋದಾಗ ಎರಡೂ ಮೂತ್ರಪಿಂಡ ಸೋತಿವೆ ಎಂದರಂತೆ. ಅಲ್ಲಿನ ಡಾಕ್ಟರು ನನ್ನ ಹೆಸರಿಗೇ ಒಂದು ಚೀಟಿ ಕಳಿಸಿದರು. ಈ ಕಾಯಿಲೆ ವಾಸಿಯಾಗುವಂಥದ್ದಲ್ಲ, ಜೊತೆಗೆ ಬಾಳುವಂಥದ್ದು. ಉಪ್ಪು ಬಿಡಿಸಿ, ನೀರು ಅಳೆದು ಕೊಡಿಸಿ, ತೂಕ ಬರೆದಿಡಿ. ನೀರು ಎದೆಗೆ ಏರಿದರೆ ಇಲ್ಲಿ ನನ್ನಿಂದಲೂ ಏನೂ ಆಗದು, ರಕ್ತ ತೊಳೆಯುವ ಯಂತ್ರ ಈ ಜಿಲ್ಲೆಯಲ್ಲಿಲ್ಲ ಎಂದು ಬರೆದಿದ್ದರು. ಆ ಚೀಟಿಯನ್ನು ಮೂರು ಸಲ ಓದಿದೆ.

ನಾವು ಕಲಿತದ್ದು ಹೆರಿಗೆ, ಲಸಿಕೆ. ಆರೋಗ್ಯವಾಗಿ ಕಾಣುವ ಗಂಡಸಿಗೆ ಊಟ ಮಾಡುವುದನ್ನು ಕಲಿಸುವ ಪಾಠವನ್ನು ಯಾರು ನಮಗೆ ಹೇಳಿಕೊಟ್ಟಿದ್ದರು? ಆದರೂ ಹಿಡಿದೆ. ಮಂಗಳವಾರ, ಶನಿವಾರ ಅವರ ಅಂಗಡಿಗೆ ಹೋಗಿ ಚೀಲ ತೂಗುವ ಯಂತ್ರದ ಮೇಲೇ ಅವರನ್ನು ನಿಲ್ಲಿಸುತ್ತಿದ್ದೆ. "ನನ್ನನ್ನೂ ಶೇಂಗಾ ಚೀಲ ಮಾಡಿಬಿಟ್ಟೆಲ್ಲ ನರ್ಸವ್ವ! ಸಿಪ್ಪಿ ತೆಗದು ತೂಗ್ತೀಯೋ, ಸಿಪ್ಪಿ ಸಹಿತ ತೂಗ್ತೀಯೋ?" ಎನ್ನುವರು. ಆಮೇಲೆ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತುವುದು, ಬಿದ್ದ ಗುಳಿ ತುಂಬುವವರೆಗೆ ಒಂದು, ಎರಡು ಎಂದು ಎಣಿಸುವುದು. ತಿಂದದ್ದು, ಕುಡಿದದ್ದನ್ನೆಲ್ಲ ಅವರೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ವ್ಯಾಪಾರಸ್ಥರಲ್ಲವೇ, ಒಂದು ಲೋಟ ಮಜ್ಜಿಗೆಯನ್ನೂ ಬಿಡುತ್ತಿರಲಿಲ್ಲ.

ಅವರ ಹೆಂಡತಿ ನಾಗಲಿಂಗಮ್ಮನಿಗೆ ಪಾಠ ಹೇಳಿದ್ದು ಇನ್ನೊಂದು ಕಥೆ. ಸೊಪ್ಪು, ಕಾಳು ಕುದಿಸಿ ನೀರು ಬಸಿದು ಚೆಲ್ಲಬೇಕು ಎಂದೆ. "ಕಟ್ಟು ಚೆಲ್ಲೂದಾ? ಅದರಾಗ ಸಾರು ಮಾಡ್ತೀವಲ್ಲವ್ವ! ಉಪ್ಪು ಇಲ್ಲ, ಕಟ್ಟು ಇಲ್ಲ. ಇನ್ನೇನು ನಮ್ಮ ಯಜಮಾನ್ರು ಗ್ವಾಡಿ ನೆಕ್ಕಬೇಕಾ?" ಎಂದು ಸೊಂಟಕ್ಕೆ ಕೈ ಇಟ್ಟು ನಿಂತಳು. ಆದರೆ ಹಟದ ಹೆಂಗಸು. ಒಂದು ವಾರದೊಳಗೆ ನಿಂಬೆಹುಳಿ, ಹುರಿದ ಜೀರಿಗೆ, ಬೆಳ್ಳುಳ್ಳಿಯಲ್ಲೇ ರುಚಿ ತರುವುದು ಕಲಿತಳು. ಉಪ್ಪಿನಕಾಯಿ ಭರಣಿಗಳನ್ನು ತವರಿಗೆ ಸಾಗಿಸಿದಳು. ಇಷ್ಟೆಲ್ಲ ಆದಮೇಲೆ ಶನಿವಾರ ಅರವತ್ತನಾಲ್ಕು ಕಿಲೋ ಇರುವ ಮನುಷ್ಯ ಮಂಗಳವಾರ ಅರವತ್ತಾರು!

ಸೋಮವಾರ ಅವರು ಉಪವಾಸ. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟಕ್ಕೆ 'ಉಪವಾಸ' ಎಂಬ ಒಂದೇ ಮಾತು. ಯಂತ್ರ ಕೆಟ್ಟಿದೆಯೇ ಎಂದು ನಾನೇ ಹತ್ತಿ ನಿಂತೆ, ನನ್ನ ತೂಕ ಸರಿಯಾಗಿಯೇ ಇತ್ತು (ಎಷ್ಟೆಂದು ಕೇಳಬೇಡ). ನೀರು ಹೆಚ್ಚು ಕುಡಿದರೇ ಎಂದರೆ, ಬಾಯಾರಿಕೆ ತಡೆಯದೆ ಎರಡು ಲೋಟ ಹೆಚ್ಚು ಕುಡಿದೆ ಎಂದು ಒಪ್ಪಿಕೊಂಡರು. ಸರಿ, ಆದರೆ ಸೋಮವಾರವೇ ಏಕೆ ಅಷ್ಟು ಬಾಯಾರಿಕೆ? ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಮಕ್ಕಳಿಗೆ ಸೂಜಿ ಚುಚ್ಚುವಾಗಲೂ ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು.

ಅಷ್ಟರಲ್ಲಿ ಶ್ರಾವಣ ಬಂತು. ಒಂದು ತಿಂಗಳು ದಿನವೂ ಒಪ್ಪತ್ತು, ರಾತ್ರಿ ಊಟವಿಲ್ಲ. ಊಟ ಕಡಿಮೆಯಾದರೆ ಇಳಿಯುತ್ತಾರೆ ಎಂದುಕೊಂಡಿದ್ದೆ. ಹತ್ತು ದಿನದಲ್ಲಿ ಅರವತ್ತೊಂಬತ್ತಾದರು. ಕಣ್ಣು ಸೀಳಿನಷ್ಟೇ ಕಾಣುತ್ತಿದ್ದವು. ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಹೆಬ್ಬೆರಳಿನ ಗುಳಿ ಇಪ್ಪತ್ತು ಎಣಿಸಿದರೂ ತುಂಬಲಿಲ್ಲ. ನೀರು ಎದೆಯ ಹತ್ತಿರ ಬಂದಿದೆ ಎಂದು ನನಗೆ ಗೊತ್ತಾಯಿತು, ನಾಗಲಿಂಗಮ್ಮನಿಗೂ ಗೊತ್ತಾಯಿತು.

ಹೆದರಿಕೆಯಲ್ಲಿ ನಾಲಿಗೆ ಹಿಡಿತ ತಪ್ಪಿತು, ಪಕ್ಕೀರಿ. ಅವರ ಮನೆಯ ಪಡಸಾಲೆಯಲ್ಲಿ ನಿಂತು ನಾಗಲಿಂಗಮ್ಮನನ್ನು ಕೇಳಿಯೇಬಿಟ್ಟೆ: "ಯಕ್ಕಾ, ಖರೇ ಹೇಳ್ರಿ. ಯಜಮಾನ್ರು ಮುಖ ಸಿಂಡರಿಸ್ತಾರಂತ ನನಗ ಗೊತ್ತಾಗ್ದಂಗ ಒಂದು ಚಿಟಿಕಿ ಉಪ್ಪು ಹಾಕ್ತೀರಿ, ಹೌದಲ್ಲ?"

ಅವಳ ಮುಖ ಕಪ್ಪಿಟ್ಟಿತು. "ನನ್ನ ತಾಳಿ ನಾನ ಹರ್ಕೊಂತೀನೇನು? ಬಾ ಒಳಗ. ನೀನ ನೋಡು," ಎಂದು ನನ್ನ ಮುಂಗೈ ಹಿಡಿದು ಎಳೆದಳು.

ಒಂದು ವರ್ಷದಿಂದ ಆ ಮನೆಗೆ ಹೋಗುತ್ತಿದ್ದರೂ ಪಡಸಾಲೆ ದಾಟಿದವಳಲ್ಲ ನಾನು. ನಾವು ಯಾವ ಕೇರಿಯಿಂದ ಬಂದವರೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮನೆಯವರಿಗೆ ಚಹಾ ಸ್ಟೀಲ್ ಲೋಟದಲ್ಲಿ, ನನಗೆ ಬೇರೆ ಇಟ್ಟ ಗಾಜಿನ ಲೋಟದಲ್ಲಿ. ಕರಿಸಿದ್ದಪ್ಪನ ತಾಯಿ ಎರ್ರಮ್ಮ ಕೂತಲ್ಲಿಂದಲೇ, "ನಾಗೀ, ಅಡಿಗಿ ಮನಿಗೆ..." ಎಂದು ಶುರು ಮಾಡಿದಳು. "ಸುಮ್ಕಿರ್ರಿ ಅತ್ತಿ! ನಿಮ್ಮ ಮಗ ಉಳೀಬೇಕೋ, ಮಡಿ ಉಳೀಬೇಕೋ?" ಎಂದಳು ಸೊಸೆ. ಮುದುಕಿ ಗೋಡೆಯ ಕಡೆ ತಿರುಗಿ ಕೂತಳು. ನನಗೆ ಅಳು ಬಂತೋ ನಗು ಬಂತೋ ಗೊತ್ತಿಲ್ಲ, ಎರಡನ್ನೂ ನುಂಗಿದೆ.

ಒಲೆಯ ಮುಂದೆ ಕೂರಿಸಿ ಸಾರು, ಪಲ್ಯ, ರೊಟ್ಟಿ ಎಲ್ಲವನ್ನೂ ನನ್ನ ಕೈಗೆ ಹಾಕಿದಳು. ಸಪ್ಪೆ ಎಂದರೆ ಸಪ್ಪೆ, ಉಪ್ಪಿನ ಸುಳಿವಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. "ತಪ್ಪಾತು ಯಕ್ಕಾ," ಎಂದೆ. ಆಗ ಬಾಗಿಲಲ್ಲಿ ಬಂದು ನಿಂತ ಕರಿಸಿದ್ದಪ್ಪನನ್ನು ಕೊನೆಯದಾಗಿ ಕೇಳಿದೆ: "ಯಜಮಾನ್ರೇ, ಒಪ್ಪತ್ತು ಅಂದ್ರ ರಾತ್ರಿ ಏನೂ ತಿನ್ನಂಗಿಲ್ಲೇನ್ರಿ?"

"ಏನೂ ಇಲ್ಲವ್ವ. ಬರೇ ಎರಡು ಸೇರು ಮಂಡಕ್ಕಿ."

"ಬುಕ್ಕಿನಾಗ ಬರ್ದಿಲ್ಲಲ್ಲ?"

"ಉಪವಾಸದಾಗ ತಿಂದಿದ್ದು ಊಟ ಹೆಂಗಾಗ್ತೈತಿ? ಮತ್ತ ಹಸಿವಾದ್ರ ಮಂಡಕ್ಕಿ ತಿನ್ರಿ, ಹಗುರ ಅಂತ ನೀನ ಹೇಳಿದ್ದಿ."

ಹೌದು, ನಾನೇ ಹೇಳಿದ್ದೆ, ಮೊದಲ ವಾರವೇ. ನಮ್ಮ ಕಡೆ ಜ್ವರ ಬಂದವರಿಗೆ, ಬಾಣಂತಿಗೆ, ಹಲ್ಲಿಲ್ಲದವರಿಗೆ ಎಲ್ಲರಿಗೂ ಮಂಡಕ್ಕಿಯೇ ಅಲ್ಲವೇ! ಗಾಳಿ ತುಂಬಿದ ಅಕ್ಕಿ, ಅದರಲ್ಲೇನಿದೆ ಎಂದು ಅವತ್ತೂ ನಕ್ಕೆ. ಆದರೆ ಮನೆಗೆ ಬಂದಮೇಲೆ ಕೊರೆತ ನಿಲ್ಲಲಿಲ್ಲ. ಮರುದಿನ ಲಸಿಕೆ ತರಲು ಕೊಟ್ಟೂರಿಗೆ ಹೋದವಳು, ಬಸ್ಸಿಗೆ ಹೊತ್ತಿತ್ತು, ಗಾದಿಲಿಂಗಪ್ಪನ ಮಂಡಕ್ಕಿ ಭಟ್ಟಿಗೆ ಹೊಕ್ಕೆ. ಕಾದ ಮರಳಲ್ಲಿ ಅಕ್ಕಿ ಎರಚಿದರೆ ಪಟಪಟ ಅರಳುತ್ತದೆ, ಅದು ಎಲ್ಲರೂ ನೋಡಿರುವುದೇ. ನಾನು ನೋಡದೆ ಇದ್ದದ್ದು ಅದಕ್ಕೂ ಮುಂಚಿನ ಕೆಲಸ. ಹಿಂದುಗಡೆ ಒಬ್ಬಾಕೆ ಬೋಗುಣಿ ತುಂಬ ಹರಳುಪ್ಪು ಕರಗಿಸಿದ ನೀರನ್ನು ಅಕ್ಕಿಗೆ ಹೊಯ್ದು ಕಲಸುತ್ತ ಕೂತಿದ್ದಳು.

"ಇದ್ಯಾಕ್ರಿ ಉಪ್ಪು?" ಎಂದೆ.

"ಉಪ್ಪುಣ್ಣದ ಅಕ್ಕಿ ಅರಳಂಗಿಲ್ಲವ್ವ," ಎಂದ ಗಾದಿಲಿಂಗಪ್ಪ. "ನಾಲಿಗ್ಗೆ ಗೊತ್ತಾಗಂಗಿಲ್ಲ, ಒಳಗ ಕುಂತಿರ್ತೈತಿ."

ಅಲ್ಲೇ ಕಟ್ಟೆಯ ಮೇಲೆ ಕುಸಿದೆ. ಒಂದು ಮನೆಯವರು ಉಪ್ಪಿನ ಡಬ್ಬಿಯನ್ನೇ ಹೊರಗೆ ಹಾಕಿದರು. ನಾನು ಅದನ್ನು ಸೇರುಗಟ್ಟಲೆ ಹಿಂಬಾಗಿಲಿನಿಂದ ಒಳಗೆ ಕಳಿಸಿದೆ. ಸಾಲದ್ದಕ್ಕೆ ಆ ಹೆಂಗಸಿನ ಮೇಲೆ ಅನುಮಾನಪಟ್ಟೆ. ವಾಪಸು ಬಂದು ಗಂಡ ಹೆಂಡತಿ ಇಬ್ಬರ ಮುಂದೆಯೂ ತಪ್ಪು ಒಪ್ಪಿಕೊಂಡೆ. ಕರಿಸಿದ್ದಪ್ಪ ಬೈಯಲಿಲ್ಲ, "ಹೋಗ್ಲಿ ಬಿಡು, ಕಳ್ಳ ಸಿಕ್ಕನಲ್ಲ," ಎಂದರು. ನಾಗಲಿಂಗಮ್ಮ ಮಾತ್ರ ಎರಡು ದಿನ ಮುಖ ತಿರುಗಿಸಿಕೊಂಡಿದ್ದಳು. ಅದು ನ್ಯಾಯವೇ.

ಆ ಉಪ್ಪಿನ ಮಂಡಕ್ಕಿ ನಿಲ್ಲಿಸಿ ಹನ್ನೆರಡು ದಿನವಾಯಿತು. ನೀರು ಇಳಿಸಲು ಡಾಕ್ಟರು ಕೊಟ್ಟಿದ್ದ ಮಾತ್ರೆಯೂ ಈಗ ಕೆಲಸ ಮಾಡುತ್ತಿದೆ. ನಿನ್ನೆ ಅರವತ್ತನಾಲ್ಕೂವರೆ. ಊತ ಇಳಿದು ಕಾಲಿನ ಹರಡಿನ ಮೂಳೆ ಕಂಡಾಗ ಕರಿಸಿದ್ದಪ್ಪ ಹಳೆಯ ಗೆಳೆಯ ಸಿಕ್ಕವರಂತೆ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮೆಟ್ಟಿಲು ಹತ್ತುತ್ತಾರೆ. ನಾಗಲಿಂಗಮ್ಮ ಉಪ್ಪಿಲ್ಲದೆ ಹುರಿದು ಕೊಡು ಎಂದು ಗಾದಿಲಿಂಗಪ್ಪನ ಬೆನ್ನು ಹತ್ತಿದಳು, ಅರ್ಧ ಅಕ್ಕಿ ಅರಳಿತು, ಅರ್ಧ ಕಲ್ಲಾಯಿತು. ಅರಳಿದ ಅರ್ಧವನ್ನೇ ಆರಿಸಿ ಗಂಡನಿಗೆ ಕೊಡುತ್ತಾಳೆ. ಈಗ ಕಾಲು ಊದಿದ ಗಿಡ್ಡಮ್ಮ ಎಂಬಾಕೆಗೆ ಸಪ್ಪೆ ಅಡುಗೆಯ ಪಾಠ ಹೇಳುವವಳು ಅವಳೇ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ನನಗೆ ಚಹಾ ಅಡುಗೆಮನೆಯಲ್ಲೇ ಬರುತ್ತದೆ. ಲೋಟ ಇನ್ನೂ ಗಾಜಿನದೇ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಗಳಿಗೆ ಈ ಚಿಕ್ಕಮ್ಮನ ಮುತ್ತು, ನಿನ್ನ ಹಾಗೆ ಎಲ್ಲವನ್ನೂ ಮುಟ್ಟಿ ನೋಡುವ ಬುದ್ಧಿ ಅವಳಿಗೆ ಬರಲಿ, ನೂರು ವರ್ಷ ಬಾಳಲಿ.

ಇಂತಿ ನಿನ್ನ,
ಮಾಳಿ

ತಾ.ಕ.: ಪತ್ರ ಅಂಟಿಸಲು ಹೋದೆ, ಕೈ ಬರಲಿಲ್ಲ. ಯಾವುದಕ್ಕಾಗಿ ಬರೆಯಲು ಕೂತೆನೋ ಅದನ್ನೇ ಬಿಟ್ಟಿದ್ದೇನೆ. ಲೇ ಪಕ್ಕೀರಿ, ನಾಲ್ಕು ವರ್ಷದ ಹಿಂದೆ ಯುಗಾದಿಗೆ ನಮ್ಮ ಮನೆಗೆ ಬಂದವಳು ನೀನು ನಮ್ಮಪ್ಪ ಹುಲುಗಪ್ಪನ ಕಾಲು ಹಿಡಿದು ನಮಸ್ಕಾರ ಮಾಡಿದೆ. ಮಾಡುತ್ತ ಹೆಬ್ಬೆರಳು ಒತ್ತಿ ನೋಡಿದೆ. ನನ್ನನ್ನು ಹಿತ್ತಲಿಗೆ ಕರೆದು, "ಮಾಳಿ, ಅದು ಮೈ ಬಂದಿದ್ದಲ್ಲ, ಊತ. ಬಳ್ಳಾರಿಗೆ ಕರ್ಕೊಂಡು ಹೋಗು," ಎಂದೆ. ನಾನು ಏನಂದೆ ನಿನಗೆ ನೆನಪಿದೆ. "ನನ್ನ ಪಗಾರದಾಗ ನಮ್ಮಪ್ಪ ಎರಡು ತುತ್ತು ಹೆಚ್ಚು ಉಂಡು ಗಲ್ಲ ತುಂಬಿಕೊಂಡಿದ್ದು ನಿನ್ನ ಕಣ್ಣು ಕುಕ್ಕೈತಿ" ಎಂದೆ. ನಿನ್ನ ದೃಷ್ಟಿ ತಾಗಿದೆಯೆಂದು ನಿನ್ನೆದುರಿಗೇ ಅಪ್ಪನಿಗೆ ಮೆಣಸಿನಕಾಯಿ ನಿವಾಳಿಸಿದೆ. ಜೀವನಪೂರ್ತಿ ಬಡಕಲಾಗಿದ್ದ ಮನುಷ್ಯ ಅವನು, ದುಂಡಗೆ ಕಂಡದ್ದು ನನಗೆ ಹಬ್ಬವಾಗಿತ್ತು. ಐದು ತಿಂಗಳಿಗೆ ತೀರಿಕೊಂಡ. ಆಮೇಲೆ ನಿನ್ನ ಕಾರ್ಡು ಬಂದಾಗಲೆಲ್ಲ, ನೀನು ಹೇಳಿದ್ದು ನಿಜವೆಂದು ಒಪ್ಪಬೇಕಾಗುತ್ತದೆಂದು ಹೆದರಿ ಟ್ರಂಕಿಗೆ ಹಾಕಿದೆ. ಭಟ್ಟಿಯ ಕಟ್ಟೆಯ ಮೇಲೆ ಕುಸಿದದ್ದು ಕರಿಸಿದ್ದಪ್ಪನಿಗಾಗಿ ಮಾತ್ರ ಅಲ್ಲ. ಪ್ರತಿ ತಿಂಗಳು ಸಂಬಳದ ದಿನ ನಾನು ಅಪ್ಪನಿಗೆ ತರುತ್ತಿದ್ದದ್ದು ಅದೇ ಭಟ್ಟಿಯ ಮಂಡಕ್ಕಿ. ಕೊನೆಯ ವಾರ ಬೇರೇನೂ ಸೇರದೆ ಅದನ್ನೇ ಕೇಳಿದ. ನಾನು ಅವನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಹಿಡಿ ಹಿಡಿಯಾಗಿ ತಿನ್ನಿಸಿದೆ. "ಸಾಕವ್ವ, ನೀರು ಕೊಡು" ಎಂದ. ಕೊಟ್ಟೆ.