ಗೋದಾಮಿನ ತಿರುವಿನಲ್ಲಿ ಬಿದ್ದ ಹದಿನಾಲ್ಕು ಜನ

ಅಪ್ಪಾ,

ನೀವು ಮಲಗಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟಿದ್ದೇನೆ, ತಣ್ಣಗಿದ್ದದ್ದನ್ನೇ ತಿನ್ನಬೇಡಿ.

ಆ ಗೋದಾಮಿನ ತಿರುವಿನಲ್ಲಿ ಬೈಕಿನಿಂದ ಬಿದ್ದ ದಿನದಿಂದ ನಿಮ್ಮದು ಒಂದೇ ರಾಗ: "ನಂಗೆ ವಯಸ್ಸಾಯ್ತು, ಕೈಯಲ್ಲಿ ಹಿಡಿತ ಇಲ್ಲ." ಮೊಣಕಾಲು ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರ್ ಹೇಳಿದರೂ ಐದು ತಿಂಗಳಿಂದ ಬೈಕ್ ಮುಟ್ಟಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಬೈಕ್ ಓಡಿಸುವುದನ್ನು ಕಲಿಸಿದವರು! ನನಗೂ ಕೇಳಿ ಕೇಳಿ ಸಾಕಾಯಿತು. ನಮ್ಮ ರಸ್ತೆ ಇಲಾಖೆಯ ಅಪಘಾತದ ಕಡತಗಳನ್ನೆಲ್ಲ ತೆಗೆದು ಕೂತೆ. ಎರಡು ವರ್ಷದಲ್ಲಿ ಅದೇ ಜಾಗದಲ್ಲಿ ಹದಿನಾಲ್ಕು ಜನ ಬಿದ್ದಿದ್ದಾರೆ. ಒಂಬತ್ತು ಜನಕ್ಕೆ ಮೂವತ್ತೂ ತುಂಬಿಲ್ಲ. ಒಬ್ಬರು ಟ್ರಾಫಿಕ್ ಪೊಲೀಸ್!

ನಿನ್ನೆ ಪಟ್ಟಿಯನ್ನು ಇಂಜಿನಿಯರ್ ಮುಂದಿಟ್ಟು, "ಇಷ್ಟು ಜನಕ್ಕೂ ಓಡಿಸೋಕೆ ಬರಲ್ವಾ ಸರ್?" ಅಂದೆ. ಅವರು ಎರಡು ಸಲ ಓದಿ, "ಇಲ್ಲಮ್ಮ, ಅಲ್ಲಿ ರಸ್ತೆನೇ ಹೊರಗಡೆಗೆ ವಾಲಿದೆ, ತಿರುಗಿಸುವಾಗ ಗಾಡಿ ಜಾರುತ್ತೆ. ತಪ್ಪು ನಮ್ದೇ" ಅಂದರು. ಇವತ್ತಿನಿಂದಲೇ ದುರಸ್ತಿ ಶುರು. ಇನ್ನು ಮುಂದೆ ಒಂದೇ ಕಡೆ ಮೂವರು ಬಿದ್ದರೆ ಮೊದಲು ರಸ್ತೆಯನ್ನೇ ಪರೀಕ್ಷಿಸಬೇಕು ಎಂದು ಸುತ್ತೋಲೆಯೂ ಹೊರಟಿದೆ.

ನಿಮ್ಮ ಕೈಗೆ ಏನೂ ಆಗಿಲ್ಲ ಅಪ್ಪಾ.

ಹನ್ನೊಂದಕ್ಕೆ ಮೆಕ್ಯಾನಿಕ್ ಬಂದು ಬ್ರೇಕ್ ನೋಡುತ್ತಾನೆ, ಅವನ ಮೇಲೆ ರೇಗಬೇಡಿ. ನಿಮ್ಮ ಹೊಸ ಹೆಲ್ಮೆಟ್ ಮೇಜಿನ ಮೇಲಿದೆ. ತಿರುವು ಮುಚ್ಚಿರುತ್ತದೆ, ಶಾಲೆಯ ರಸ್ತೆ ಹಿಡಿದು ಬನ್ನಿ. ಐದೂವರೆಗೆ ಆಫೀಸಿನ ಗೇಟಿನಲ್ಲಿ ನಿಂತಿರುತ್ತೇನೆ. ನನ್ನ ಹೆಲ್ಮೆಟ್ಟನ್ನೂ ತನ್ನಿ. ಎಷ್ಟು ಬಸ್ ಬಂದರೂ ನಾನು ಹತ್ತುವುದಿಲ್ಲ.

— ಪುಟ್ಟಿ