ಕದ್ದ ಕನ್ನಡಕದಲ್ಲಿ ಕಂಡ ಕವಿ

ಮೇಷ್ಟ್ರೇ,

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ: ನೀವು ತೀರಿಕೊಂಡ ಮೇಲೆ ನಿಮ್ಮ ಮೇಜಿನಿಂದ ಕನ್ನಡಕ ಕದ್ದವನು ನಾನೇ. ನಿಮ್ಮ ಕಾರ್ಬನ್ ಕಾಪಿ ಎಂದು ಜನ ಆಡಿಕೊಂಡದ್ದಕ್ಕೆ ಮುನಿದು ನಿಮ್ಮಿಂದ ದೂರವಾದವನಿಗೆ, ನಿಮ್ಮ ಮೇಲೇ ಪದ್ಯ ಬರೆಯುವ ಗತಿ ಬಂದಿತ್ತು. ನೀವು ಕಂಡ ಲೋಕ ನನಗೂ ಕಾಣಲಿ ಎಂದು ಅದನ್ನು ಹಾಕಿಕೊಂಡೆ. ಕೋಣೆ ನೀರಿನೊಳಗಿನಂತೆ ತೇಲಾಡಿತು, ಬಲ್ಬು ಚಂದ್ರನಾಯಿತು. ಆ ತೇಲಾಟದಲ್ಲೇ ಪದ್ಯ ಮುಗಿಸಿದೆ.

ಇವತ್ತು ನಿಮ್ಮ ನೆನಪಿನ ಸಭೆಯಲ್ಲಿ ಓದಿದೆ. ಮುಚ್ಚಿದ ಬಾಗಿಲ ಮುಂದೆ ನಿಂತ ಮುದಿಕವಿ, ಬೆಲ್ಲಿನತ್ತ ಚಾಚಿದ ಬೆರಳು, ಒತ್ತಲಾಗದ ಸಂಕೋಚ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಮ್ಮ ಮನೆಯಾಕೆ, ನಮ್ಮೆಲ್ಲರ ಅಮ್ಮ, ಮಾತ್ರ ನಕ್ಕರು.

“ಇದರಲ್ಲಿ ಅವರೆಲ್ಲಿದಾರೋ? ಅವರು ಯಾರ ಮನೆ ಬೆಲ್ ಒತ್ತಿದ್ರು? ಸೀದಾ ಅಡುಗೆಮನೆಗೇ ನುಗ್ತಿದ್ರು!”

“ಕವಿಕಲ್ಪನೆ, ಅಮ್ಮಾ.”

“ಕಲ್ಪನೆಯಂತೆ! ಅವರು ಹಾಸಿಗೆ ಹಿಡಿದಾಗ ಬಾಗಿಲ ತನಕ ಬಂದು ವಾಪಸ್ ಹೋದೋನು ನೀನು. ಹಾಸಿಗೆ ಪಕ್ಕದ ಕಿಟಕಿಯಿಂದ ಇಬ್ರೂ ನೋಡಿದ್ವಿ. ‘ಕರೀಬೇಡ, ತಾನಾಗೇ ಬರ್ತಾನೆ’ ಅಂದ್ರು.”

ನೋಡಿದಿರಾ ಮೇಷ್ಟ್ರೇ? ನಿಮ್ಮನ್ನು ಬರೆಯಹೋಗಿ ನನ್ನನ್ನೇ ಬರೆದುಬಿಟ್ಟಿದ್ದೆ! ಕೊನೆಗೂ ನಾನು ನಾನಾದೆ. ಇನ್ನು ನಿಮ್ಮ ಹಂಗೂ ಇಲ್ಲ, ನಿಮ್ಮ ತಿದ್ದುಪಡಿಯೂ ಬೇಕಿಲ್ಲ. ಹಾಗೆಂದು ಬೀಗುತ್ತಾ ಹೊರಟವನು, ಮೊದಲ ಸಾಲಿನಲ್ಲಿ ನಿಮಗೆಂದು ಖಾಲಿ ಬಿಟ್ಟಿದ್ದ ಕುರ್ಚಿಯ ಮುಂದೆ ನಿಂತೆ. ಹೇಳಲು ನಾಚಿಕೆಯಾಗುತ್ತದೆ: ಹಿಂದೆಲ್ಲ ತಿದ್ದಲು ಕೊಡುತ್ತಿದ್ದಂತೆ ಹಾಳೆ ಚಾಚಿದೆ, ಪೆನ್ಸಿಲ್ಲನ್ನೂ. ಓದಲು ಬೇಕಾಗುತ್ತದಲ್ಲ ಎಂದು ಜೇಬಿನಿಂದ ಕನ್ನಡಕವನ್ನೂ.