ಬಿಸಿಲಿಗೆ ಹೆದರಿದ ಮಗಳಿಗೆ

ಕಯೆಂಟಾ, ಅರಿಜೋನಾ
18 ಅಕ್ಟೋಬರ್ 1981

ಮಗಳೇ ರೊಝೆಲ್ಲಾ,

ಚೆನ್ನಾಗಿದ್ದೀಯಾ? ಊಟ ಸೇರುತ್ತಿದೆಯೇ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆದು ಬರೆದು ಹರಿದೆ. ಮೂರನೇ ಕ್ಲಾಸಿಗೇ ಬೋರ್ಡಿಂಗ್ ಶಾಲೆಯಿಂದ ಓಡಿಬಂದವಳ ಅಕ್ಷರ. ನಿನ್ನ ಗಂಡ ನೋಡಿ ನಕ್ಕಾನೆಂದು ಭಯ.

ನಿನಗೆ ಹೆಣ್ಣು ಮಗುವಾಗಿದೆಯೆಂದು ತಿಳಿಯಿತು. ಯಾರು ಹೇಳಿದರೆಂದು ಕೇಳಬೇಡ. ನಮ್ಮ ನವಾಹೋ ಜನರಲ್ಲಿ ಮಗುವನ್ನು ಮೊದಲ ಸಲ ನಗಿಸಿದವರು ಅದರ ಕೈಯಿಂದ ಎಲ್ಲರಿಗೂ ಉಪ್ಪು ಕೊಡಿಸಿ ಊಟ ಹಾಕಬೇಕು, ನೆನಪಿದೆಯಲ್ಲ? ಉಪ್ಪು ತಂದಿಟ್ಟಿದ್ದೇನೆ. ಒಂದು ಕುರಿಯನ್ನೂ ಮಾರದೆ ಉಳಿಸಿದ್ದೇನೆ. ಮಗು ನಗುವ ಮೊದಲು ಕರೆದುಕೊಂಡು ಬಾ. ಅಲ್ಲಿ ಯಾರಾದರೂ ಕಚಗುಳಿ ಇಟ್ಟುಬಿಟ್ಟರೆ ಎಂದು ನನಗೆ ನಿದ್ದೆಯಿಲ್ಲ.

ಬಿಸಿಲಿನ ಚಿಂತೆ ಇನ್ನು ಬೇಡ. ಹೋದ ವಾರ ನಿಮ್ಮ ಮಾರ್ಮನ್ ಚರ್ಚಿನ ಇಬ್ಬರು ಹುಡುಗರು ಧರ್ಮ ಹೇಳಲು ಬಂದಿದ್ದರು. ನಂಬಿದರೆ ನಮ್ಮ ಜನ ‘ಬೆಳ್ಳಗಾಗುತ್ತಾರೆ’ ಎಂದು ನಿಮ್ಮ ಗ್ರಂಥದಲ್ಲಿತ್ತಲ್ಲ, ಅದನ್ನು ತೆಗೆದು ಈಗ ‘ಶುದ್ಧರಾಗುತ್ತಾರೆ’ ಎಂದು ಅಚ್ಚು ಹಾಕಿದ್ದಾರಂತೆ.

“ಹಂಗಾದ್ರೆ ಇಷ್ಟು ವರ್ಷ ಬೆಳ್ಳಗಾಗೋಕೆ ಕಾದೋರ ಗತಿ ಏನಪ್ಪಾ?” ಅಂದೆ.

“ಮೊದ್ಲಿಂದ್ಲೂ ಅರ್ಥ ಅದೇ, ಅಜ್ಜಿ,” ಅಂದ ಒಬ್ಬ. “ಇನ್ನೊಂಚೂರು ಸಾರು ಇದೆಯಾ?”

ಎಂಟು ವರ್ಷದ ನಿನ್ನನ್ನು, ಬಿಳಿಯರ ಮನೆಯಲ್ಲಿದ್ದು ಓದಲೆಂದು ಚರ್ಚಿನ ಬಸ್ಸಿನಲ್ಲಿ ರಿಚ್‌ಫೀಲ್ಡಿಗೆ ಕಳಿಸಿದ್ದೆ. ಪ್ರತಿ ಜೂನಿನಲ್ಲಿ ನಿನ್ನ ಸಾಕುತಾಯಿ ಲರೂ ತನ್ನ ಮುಂಗೈ ಪಕ್ಕಕ್ಕೆ ನಿನ್ನದಿಟ್ಟು, “ಈ ಸಲ ಪರವಾಗಿಲ್ಲ ಕಣೆ. ಊರಿಗೆ ಹೋಗಿ ಬಣ್ಣ ಕೆಡಿಸ್ಕೊಂಡು ಬರ್ಬೇಡ,” ಅನ್ನುತ್ತಿದ್ದರೆಂದು ನೀನೇ ಹೆಮ್ಮೆಯಿಂದ ಹೇಳಿದ್ದೆ. ಇಲ್ಲಿಗೆ ಬಂದರೆ ಬೇಸಿಗೆಯಿಡೀ ನೀನು ಉದ್ದ ತೋಳಿನ ಅಂಗಿ ತೊಟ್ಟು ಮನೆಯೊಳಗೇ ಕೂತಿರುತ್ತಿದ್ದೆ. ನಾನು ಕೆನ್ನೆ ಮುಟ್ಟಿದರೆ ಒರೆಸಿಕೊಳ್ಳುತ್ತಿದ್ದೆ. ನಿಮ್ಮ ಗ್ರಂಥದ ಪ್ರಕಾರ ನಮ್ಮ ಹಿರಿಯರು ಜೆರುಸಲೇಮಿನಿಂದ ಬಂದು, ಪಾಪ ಮಾಡಿ ಕಪ್ಪಾದವರೆಂದು ನನಗೇ ಪಾಠ ಹೇಳುತ್ತಿದ್ದೆ. ಅದೂ ಬದಲಾಗಿದೆಯೇ ಎಂದು ಆ ಹುಡುಗರನ್ನು ಕೇಳಲು ಧೈರ್ಯ ಬರಲಿಲ್ಲ. ನಮ್ಮಲ್ಲಿ ಮಗುವಿಗೆ ಕುಲ ತಾಯಿಯಿಂದ ಬರುತ್ತದೆ. ಅದನ್ನು ಯಾರೂ ಅಚ್ಚು ಹಾಕಿಲ್ಲ, ಹಾಗಾಗಿ ತಿದ್ದಿಯೂ ಇಲ್ಲ.

ಮಗುವಿನ ನೆತ್ತಿಗೆ ಗಾಳಿ ತಾಗದಂತೆ ನೋಡಿಕೋ. ನಿನಗೆ ಹಾಲು ತುಂಬಿ ಬರಲಿ, ಮನೆ ತಣ್ಣಗಿರಲಿ.

ನಿನ್ನ ತಾಯಿ,
ಡೆಸ್ಬಾ

ವಿ.ಸೂ.: ಸಾರು ಕೇಳಿದ ಹುಡುಗ ನಿಮ್ಮ ರಿಚ್‌ಫೀಲ್ಡಿನವನೇ. ಮಗುವಿನ ಸುದ್ದಿ ಅವನೇ ಹೇಳಿದ್ದು. “ನಮ್ಮೂರಲ್ಲೂ ನಿಮ್ಮ ಜನದೋಳು ಒಬ್ಳಿದಾಳೆ, ರೊಝೆಲ್ಲಾ ಅಂತ. ಮಗು ಎತ್ಕೊಂಡು ಚರ್ಚಲ್ಲಿ ಎದ್ದು ನಿಂತು, ‘ನನ್ನ ಹೆತ್ತಮ್ಮ ಬದುಕಿದ್ದಿದ್ರೆ ಇವಳನ್ನ ನೋಡ್ತಿದ್ಲು’ ಅಂತ ಅತ್ತಳಂತೆ. ಪಾಪ.” ನಾನು ಅವನಿಗೆ ಇನ್ನೊಂದು ಸೌಟು ಸಾರು ಹಾಕಿದೆ. ನಾನು ಯಾರೆಂದು ಹೇಳಲಿಲ್ಲ. ಲಕೋಟೆಯ ಮೇಲೂ ನನ್ನ ಹೆಸರು ಬರೆದಿಲ್ಲ, ಹೆದರಬೇಡ.